ರಜೆಯ ಹಿಂದಿನ ದಿನ, ಜಾಯಿಕಾಯಿ ಗೋದಾಮಿನಲ್ಲಿ

ನಾಳೆ ರಜೆ. ಕ್ಯಾಲೆಂಡರಿನಲ್ಲಿ ಕೆಂಪಕ್ಷರ,
ಕೃತಜ್ಞತೆಯ ದಿನವಂತೆ.
ಗ್ವಾವ್ ಊರಿನ ಗೋದಾಮಿನ ಮರದ ಮಹಡಿಯಲ್ಲಿ
ಹನ್ನೊಂದು ಹೆಂಗಸರು ಜಾಯಿಕಾಯಿ ಆರಿಸುತ್ತಾರೆ.
ಗಟ್ಟಿ ಒಂದು ಕಡೆ, ಹುಳುಕು ಒಂದು ಕಡೆ,
ಅನುಮಾನ ಬಂದದ್ದು ನೀರಿನ ತೊಟ್ಟಿಗೆ:
ಮುಳುಗಿದರೆ ಒಳ್ಳೆಯದು, ತೇಲಿದರೆ ಪೊಳ್ಳು.
ಗ್ರೆನೇಡಾದ ಬಾವುಟದಲ್ಲೂ ಒಂದು ಕಾಯಿ ಇದೆ,
ಅದನ್ನು ಯಾರೂ ತೊಟ್ಟಿಗೆ ಹಾಕಿ ನೋಡಿಲ್ಲ.
ತಕ್ಕಡಿ ನನ್ನದು. ಹಾಜರಿ ಪುಸ್ತಕವೂ ನನ್ನದೇ.

ಶುರುವಾದದ್ದು ಒಂದು ಕ್ರಿಯಾಪದದಿಂದ.
"ಅವರು ಬಂದ ವರ್ಷ ನನ್ನ ಮದುವೆ ನಿಂತಿತ್ತು"
ಎಂದಳು ಕ್ಲೋಟಿಲ್ಡಾ, ಸುಮ್ಮನೆ,
ಯಾರದೋ ವಯಸ್ಸಿನ ಲೆಕ್ಕ ಹಿಡಿಯಲು.
"ಬಂದ ವರ್ಷವಲ್ಲ" ಎಂದಳು ಯೂಡೋರಾ, ತಲೆಯೆತ್ತದೆ,
"ನುಗ್ಗಿದ ವರ್ಷ."

ಸ್ವಲ್ಪ ಹೊತ್ತು ಕಾಯಿ ಉರುಳುವ ಸದ್ದಷ್ಟೇ.

ಕ್ಲೋಟಿಲ್ಡಾಳ ತಮ್ಮ ಕೋಟೆಯ ಗೋಡೆಯಿಂದ ಹಾರಿದವನು,
ನಮ್ಮ ಹುಡುಗರೇ ನಮ್ಮ ಜನರ ಮೇಲೆ ಗುಂಡು ಹಾರಿಸಿದ ಬುಧವಾರ.
ಆಮೇಲೆ ನಾಲ್ಕು ದಿನ, ಬಾಗಿಲು ತೆರೆದರೆ ಗುಂಡು.
ತೆಂಗಿನಕಾಯಿ ಒಡೆಯುವ ಸದ್ದಿಗೂ ಹೆದರಿ
ಅವಳ ಮನೆಮಂದಿ ಹಸಿದು ಮಲಗಿದರು.
"ಯಾರಾದರೂ ಬರಲಿ ಎಂದು ಬೇಡಿಕೊಂಡೆ.
ಇಂಥವರೇ ಬರಲಿ ಎಂದು ದೇವರಿಗೆ ಷರತ್ತು ಹಾಕಲಿಲ್ಲ.
ಮುಳುಗುವವಳು ಹಗ್ಗದ ಜಾತಿ ಕೇಳುತ್ತಾಳೆಯೇ?"

ಯೂಡೋರಾಳ ಚಿಕ್ಕಮ್ಮ ಗುಡ್ಡದ ಮೇಲಿನ ಹುಚ್ಚಾಸ್ಪತ್ರೆಯಲ್ಲಿ
ಹದಿನೇಳು ವರ್ಷ ಕಿಟಕಿ ಒರೆಸಿದವಳು,
ಅದೊಂದೇ ಅವಳ ಹುಚ್ಚು.
ವಿಮಾನ ಬಂತು. ಪಕ್ಕದ ಕೋಟೆ ಅಂದುಕೊಂಡರಂತೆ.
"ತಪ್ಪಾಯಿತು ಎಂದರು ಆಮೇಲೆ. ಗೊತ್ತಾಗಲಿಲ್ಲ ಎಂದರು.
ಹಗ್ಗ ಅಂದೆಯಲ್ಲ, ಕ್ಲೋಟಿಲ್ಡಾ,
ಅದರ ಇನ್ನೊಂದು ತುದಿ ಎಸೆದವರ ಕೈಯಲ್ಲೇ ಇತ್ತು.
ಅವರ ಒಂದು ಆಟದ ಮೈದಾನದಲ್ಲಿ
ಇಡೀ ದ್ವೀಪ ಕೂತರೂ ಕುರ್ಚಿ ಉಳಿಯುತ್ತಿತ್ತು.
ಅಂಥವರು ನಮ್ಮನ್ನು ಕಂಡು ಹೆದರಿದೆವು ಎಂದರು,
ನಗಲೋ, ಅಳಲೋ?"

"ಹಾಗಾದರೆ ಸಾಯಬೇಕಿತ್ತೇ ನಾವು?"
"ನಮ್ಮ ಜಗಳ. ನಾವೇ ಮುಗಿಸುತ್ತಿದ್ದೆವು."
"ನಮ್ಮನ್ನೇ ಮುಗಿಸುತ್ತಿದ್ದರು."

ಚೀಲ ಹೊಲಿಯುವ ಅಲ್ಬನ್ ದಬ್ಬಣ ನಿಲ್ಲಿಸಿದ:
"ಮೊನ್ನೆಯ ಬಿರುಗಾಳಿಗೆ ಕರೆ ಕಳಿಸಿದ್ದವರು ಯಾರು?
ಬಂತು, ಅರ್ಧಕ್ಕರ್ಧ ಮರ ಕೆಡವಿತು, ಹೋಯಿತು.
ದೊಡ್ಡವರೂ ಹಾಗೆಯೇ."
"ಬಿರುಗಾಳಿ ಕೃತಜ್ಞತೆಯ ರಜೆ ಕೇಳಲಿಲ್ಲ"
ಎಂದಳು ಯೂಡೋರಾ.
ಕ್ಲೋಟಿಲ್ಡಾ ಕೂಡ ನಕ್ಕಳು. ಬೇಡವೆಂದರೂ ಬಂದ ನಗು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ
ಹೇಳುತ್ತಿದ್ದೆನೋ ಇಲ್ಲವೋ.
ಆಗ ನನಗೆ ಎಂಟು ವರ್ಷ.
ಮುಖಕ್ಕೆ ಹಸಿರು ಮಸಿ ಬಳಿದುಕೊಂಡವನೊಬ್ಬ
ನಮ್ಮ ಬೇಲಿಯ ಹತ್ತಿರ ಮಂಡಿಯೂರಿ ಚಾಕಲೇಟು ಕೊಟ್ಟ.
ಅವನ ಕೈ ನಡುಗುತ್ತಿತ್ತು.
ಉಗಿ, ಉಗಿ ಎಂದಳು ಅಮ್ಮ ಒಳಗಿನಿಂದ.
ನುಂಗಿದೆ.
ಸಿಹಿಯಾಗಿತ್ತು.

ಅದೇ ವಾರ ರಸ್ತೆಬದಿಯಲ್ಲಿ ಇನ್ನೊಬ್ಬನನ್ನೂ ನೋಡಿದೆ.
ನಮ್ಮ ಸೈನ್ಯದ ಬೂಟು, ಒಂದೇ ಕಾಲಿಗೆ.
ಮೀಸೆ ಮೂಡಿರದ ತುಟಿಯ ಮೇಲೆ ನೊಣ.
ಕೋಟೆಯಲ್ಲಿ ಗುಂಡು ಹಾರಿಸಿದವನೋ,
ಬಂದರಿನಲ್ಲಿ ಅಕ್ಕಿಮೂಟೆ ಕಾದವನೋ, ಯಾರಿಗೆ ಗೊತ್ತು.
ಇಷ್ಟು ವರ್ಷ ಊರಿನ ಬೆಳೆಯೆಲ್ಲ ತೂಗಿದ್ದೇನೆ,
ಆ ಸಿಹಿಯನ್ನು ಯಾವ ತಟ್ಟೆಗೆ ಹಾಕಲಿ,
ಆ ಬೂಟನ್ನು ಯಾವುದಕ್ಕೆ, ಎಂಬುದು ಮಾತ್ರ ತಿಳಿಯದು.

ಸಂಜೆ ಮೇಸ್ತ್ರಿ ಕೂಗಿದ:
"ನಾಳೆ ಯಾರೂ ಬರಬೇಡಿ, ಬೀಗ ಹಾಕಿರುತ್ತೆ."
"ನಾನು ಬರುತ್ತೇನೆ" ಎಂದಳು ಯೂಡೋರಾ, ಪ್ರತಿ ವರ್ಷದ ಹಾಗೆ.
ಬೀಗದ ಮುಂದೆ ಮೆಟ್ಟಿಲ ಮೇಲೆ
ಮಧ್ಯಾಹ್ನದವರೆಗೆ ಕೂತಿರುತ್ತಾಳೆ, ಕೆಲಸದ ಸೀರಣಿ ಕಟ್ಟಿಕೊಂಡು.
ಕ್ಲೋಟಿಲ್ಡಾ ಬಿಳಿ ಟೋಪಿಯಿಟ್ಟು ಇಗರ್ಜಿಗೆ ಹೋಗುತ್ತಾಳೆ,
ತಮ್ಮನ ಹೆಸರಿಗೆ ಒಂದು ಮೇಣದಬತ್ತಿ.
ಬರುವ ದಾರಿಯಲ್ಲಿ ಅದೇ ಮೆಟ್ಟಿಲ ಮೇಲೆ
ಒಂದು ಡಬ್ಬಿ ಹುರಿದ ಮೀನು ಇಟ್ಟು,
ಮಾತಾಡದೆ ನಡೆಯುತ್ತಾಳೆ.

ಯೂಡೋರಾಳ ಹೆಸರಿನ ಮುಂದೆ ರಜೆ ಎಂದು ಬರೆಯಬೇಕು ನಾನು.
ಹಾಜರು ಎಂದು ಬರೆದರೆ
ಆ ಕೂಲಿ ಯಾರು ಕೊಡುತ್ತಾರೆ?